ಮಗು ನಗೋದನ್ನೇ ಮರೆತಿದೆ, ಯಾವ ಪರೀಕ್ಷೆ ಮಾಡಿಸಲಿ?

ಪ್ರಶ್ನೆ: ನಾವು ಶಿರಸಿ ತಾಲೂಕಿನ ಹಳ್ಳಿಯವರು. ಮಗಳಿಗೆ ಈಗ 9 ತಿಂಗಳು. ಆರನೇ ತಿಂಗಳವರೆಗೆ ಕತ್ತು ನಿಂತು, ಮಗುಚಿ ಬಿದ್ದು, ಅಜ್ಜನ ದನಿ ಕೇಳಿದರೆ ಸಾಕು ನಗುತ್ತಿದ್ದಳು. ಈಗ ಕರೆದರೂ ತಿರುಗಿ ನೋಡೋದಿಲ್ಲ. ಸುಮ್ನೆ ಮಲಗಿರುತ್ತಾಳೆ, ಮಗುಚೋದನ್ನೂ ಬಿಟ್ಟಿದ್ದಾಳೆ. ಗದ್ದ, ಕೈ ನಡುಗುತ್ತೆ, ನಿದ್ದೆ ಹತ್ತಿದರೆ ನಡುಕ ನಿಲ್ಲುತ್ತೆ. ಮೈ ಬಿಳಿಚಿಕೊಂಡಿದೆ, ಆದರೆ ಬೆರಳ ಗೆಣ್ಣು ಮಾತ್ರ ಕಪ್ಪು, ಎಣ್ಣೆ ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಎದೆಹಾಲು ಬಿಟ್ಟು ಬೇರೇನೂ ಸೇರದು, ರಾಗಿ ಸರಿ ಕೊಟ್ಟರೆ ಉಗಿಯುತ್ತಾಳೆ. ಒಬ್ಬ ಡಾಕ್ಟರು ಹಲ್ಲು ಬರುವ ಹೊತ್ತು ಅಂದರು, ಇನ್ನೊಬ್ಬರು ರಕ್ತ ಕಡಿಮೆ ಅಂತ ಕಬ್ಬಿಣಾಂಶದ ಡ್ರಾಪ್ಸ್ ಕೊಟ್ಟರು, ಮತ್ತೊಬ್ಬರು ತಲೆ ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಅಂದರು. ಮನೆಯವರು ದೃಷ್ಟಿ ತೆಗೆಸಿದ್ದೂ ಆಯಿತು. ನಾವು ಸಸ್ಯಾಹಾರಿಗಳು. ನನಗೆ ಮೊದಲಿಂದಲೂ ಹಾಲು ಸೇರೋದಿಲ್ಲ, ಬಾಣಂತನದಲ್ಲಿ ಮೊಸರೂ ಬೇಡ ಅಂದಿದ್ದರು. ಬೆಂಗಳೂರಿಗೇ ಹೋಗಬೇಕಾ?
- ಹೆಸರು ಬೇಡ, ಶಿರಸಿ

ಉತ್ತರ: ಬೆಂಗಳೂರಿನ ಮಾತು ಆಮೇಲೆ. ನಾಳೆಯೇ ಶಿರಸಿಯ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಮಗುವಿನ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ನೋಡಬಹುದಾ ಅಂತ ಕೇಳಿ. ಜೊತೆಗೆ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಲೆಕ್ಕ. ನಿಮ್ಮ ರಕ್ತವನ್ನೂ ಅವತ್ತೇ ಪರೀಕ್ಷೆಗೆ ಕೊಟ್ಟುಬಿಡಿ. ಮಗುವನ್ನು ನೋಡದೆ ಕಾಯಿಲೆ ಇಂಥದ್ದೇ ಅಂತ ಹೇಳೋಕೆ ಬರೋದಿಲ್ಲ. ಆದರೆ ಕಲಿತದ್ದನ್ನು ಮರೆಯುವುದು, ನಿದ್ದೆಯಲ್ಲಿ ನಿಲ್ಲುವ ನಡುಕ, ಬಿಳಿಚಿದ ಮೈ, ಕಪ್ಪಾದ ಗೆಣ್ಣು, ಹಾಲು ಮೊಸರು ಮುಟ್ಟದ ತಾಯಿ, ಇಷ್ಟೂ ಒಟ್ಟಿಗೆ ಸೇರಿದರೆ ಮಕ್ಕಳ ಡಾಕ್ಟರಿಗೆ ಮೊದಲು ನೆನಪಾಗೋದು ಇನ್‌ಫಂಟೈಲ್ ಟ್ರೆಮರ್ ಸಿಂಡ್ರೋಮ್, ಅಂದರೆ ಹಸುಗೂಸುಗಳ ನಡುಕದ ಕಾಯಿಲೆ. ಇದಕ್ಕೆ ಬಹಳ ಸಲ ಬಿ12 ಕೊರತೆಯೇ ಕಾರಣ. ನೀವು ಗೆಣ್ಣಿನ ಬಣ್ಣವನ್ನು ಗಮನಿಸಿದ್ದೀರಲ್ಲ, ಅದು ಕೊಳೆಯಲ್ಲ ತಂಗಿ, ದೊಡ್ಡ ಸುಳಿವು. ಡಾಕ್ಟರು ಕೇಳದಿದ್ದರೂ ಅದನ್ನು ತೋರಿಸಿ, ನಿಮ್ಮ ಊಟದ ವಿಷಯವನ್ನೂ ಹೇಳಿ.

ಬಿ12 ಸಿಗೋದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು, ಕಾಳು ಎಷ್ಟೇ ತಿಂದರೂ ಸಿಗೋದಿಲ್ಲ, ತಂಬುಳಿಯ ನೀರು ಮಜ್ಜಿಗೆಯಿಂದ ಸಿಗುವುದೂ ಅಷ್ಟಕ್ಕಷ್ಟೆ. ತಾಯಿಯಲ್ಲಿ ಇಲ್ಲದ್ದು ಎದೆಹಾಲಿಗೆ ಬರೋದಾದರೂ ಎಲ್ಲಿಂದ? ತಾಯಿಗೆ ಮೇಲ್ನೋಟಕ್ಕೆ ಏನೂ ಆಗಿರೋದಿಲ್ಲ, ಹಿಮೋಗ್ಲೋಬಿನ್ ಕೂಡ ಸರಿಯೇ ಇರಬಹುದು, ಹಾಗಾಗಿ ಯಾರಿಗೂ ಅನುಮಾನ ಬರೋದಿಲ್ಲ. ಇದರಲ್ಲಿ ನಿಮ್ಮ ತಪ್ಪಿಲ್ಲ. ಕಫ ಆಗುತ್ತೆ ಅಂತ ಬಾಣಂತಿಗೆ ಹಾಲು ಮೊಸರು ತಪ್ಪಿಸುವ ಪಥ್ಯ ನಮ್ಮ ಕಡೆ ಇನ್ನೂ ಇದೆ, ಅದು ಹೋಗಬೇಕು. ಎದೆಹಾಲು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ರಕ್ತ ಕೊಡುವ ಮೊದಲು ಯಾರೋ ಹೇಳಿದರು ಅಂತ ವಿಟಮಿನ್ ಟಾನಿಕ್ ಶುರು ಮಾಡಬೇಡಿ. ಬಿ12 ಒಂದು ಸಲ ಒಳಗೆ ಹೋದರೆ ರಿಪೋರ್ಟ್ ನಾರ್ಮಲ್ ಬಂದು, ನಿಜವಾದ ಕಾರಣ ಮುಚ್ಚಿಹೋಗುತ್ತೆ. ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ಇನ್ನೂ ಕಷ್ಟ, ರಕ್ತ ಸುಧಾರಿಸುತ್ತೆ, ನರಗಳಿಗೆ ಆಗುವ ಹಾನಿ ನಿಲ್ಲೋದಿಲ್ಲ. ಸಿಬಿಸಿಯಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತೆ, ಕೆಂಪು ರಕ್ತಕಣ ಎಷ್ಟು ದೊಡ್ಡದು ಅನ್ನೋ ಲೆಕ್ಕ ಅದು. ಕಬ್ಬಿಣಾಂಶ ಕಡಿಮೆಯಾದರೆ ಕಣ ಚಿಕ್ಕದಾಗುತ್ತೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತೆ. ಎರಡೂ ಕಡಿಮೆ ಇದ್ದರೆ ಎಂಸಿವಿ ಸರಿಯಾಗೇ ಕಾಣಬಹುದು, ಆದ್ದರಿಂದ ಸಿಬಿಸಿ ಒಂದನ್ನೇ ನೆಚ್ಚಿ ಕೂರಬೇಡಿ.

ಕೊರತೆ ಖಚಿತವಾದರೆ ಬಿ12 ಇಂಜೆಕ್ಷನ್ ಕೊಡುತ್ತಾರೆ, ನಿಮಗೂ ಚಿಕಿತ್ಸೆ ಬೇಕು. ಕೆಲವೇ ದಿನದಲ್ಲಿ ಮಗು ಚುರುಕಾಗಿ, ಮುಖ ನೋಡೋಕೆ ಶುರು ಮಾಡೋದು ಸಾಮಾನ್ಯ. ಕೆಲವು ಮಕ್ಕಳಲ್ಲಿ ಇಂಜೆಕ್ಷನ್ ಶುರುವಾದ ಮೇಲೆ ನಡುಕ ಸ್ವಲ್ಪ ದಿನ ಜಾಸ್ತಿಯಾಗುತ್ತೆ. ಆಗ ಹೆದರಿ ಅರ್ಧಕ್ಕೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ನಡುಕದ ವಿಡಿಯೋ ಮೊಬೈಲಲ್ಲಿ ಮಾಡಿಟ್ಟುಕೊಳ್ಳಿ, ಡಾಕ್ಟರ ಎದುರು ಮಗು ಅದನ್ನು ಮಾಡಿ ತೋರಿಸಬೇಕಲ್ವಾ? ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಾಗಿ, ಎರಡೂ ಕೈ ಚಾಚಿ, ಮತ್ತೆ ಮತ್ತೆ ಸಾಲಾಗಿ ಬೆಚ್ಚಿದ ಹಾಗೆ ಆಗುತ್ತಿದ್ದರೆ ಅದು ಬೇರೆ. ಅದು ಇನ್‌ಫಂಟೈಲ್ ಸ್ಪಾಸಮ್, ಅಂದರೆ ಹಸುಗೂಸುಗಳಿಗೆ ಬರುವ ಒಂದು ಬಗೆಯ ಫಿಟ್ಸ್ ಇರಬಹುದು, ಕೂಡಲೇ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಆಗಬೇಕು. 1841ರಲ್ಲಿ ಇಂಗ್ಲೆಂಡಿನ ಡಾಕ್ಟರ್ ವೆಸ್ಟ್ ತನ್ನ ಮಗನಲ್ಲೇ ಇದನ್ನು ಕಂಡು, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ ಅಂತ ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದಿದ್ದ. ಆ ಕಾಯಿಲೆಗೆ ಈಗಲೂ ಅವನದೇ ಹೆಸರು.

ಬಿ12 ಸರಿ ಇದೆ ಅಂತ ಬಂದರೆ ಮಾತ್ರ ಊರು ಬಿಟ್ಟು ಹೊರಡಿ. ಹುಬ್ಬಳ್ಳಿಯ ಕಿಮ್ಸ್ (ಈಗ ಅದರ ಹೆಸರು ಕೆಎಂಸಿಆರ್‌ಐ) ಅಥವಾ ಮಣಿಪಾಲದಲ್ಲಿ ಮಕ್ಕಳ ವಿಭಾಗಕ್ಕೆ ತೋರಿಸಿ, ಹಳೇ ರಿಪೋರ್ಟ್, ತಾಯಿ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿರಲಿ. ನಿಮ್ಮದು ಸಂಬಂಧದೊಳಗಿನ ಮದುವೆಯಾಗಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಮ್ಮ ಜನ ದನಿ ಎತ್ತಿದ್ದು ನಿಮ್ಮಂಥವರ ಈ ಅಲೆದಾಟಕ್ಕಾಗಿಯೇ. ದುಡ್ಡಿನ ಅಡಚಣೆ ಇದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ಆರ್‌ಬಿಎಸ್‌ಕೆ ತಂಡದ ಬಗ್ಗೆ ಕೇಳಿ, ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ಮುಂದಕ್ಕೆ ಕಳಿಸುವ ಸರ್ಕಾರಿ ಕಾರ್ಯಕ್ರಮ ಅದು. ಈ ನಡುವೆ ಮಗು ಹಾಲು ಕುಡಿಯೋದನ್ನೇ ಬಿಟ್ಟರೆ, ಫಿಟ್ಸ್ ಬಂದರೆ ಅಥವಾ ಉಸಿರಾಟ ಜೋರಾದರೆ ರಿಪೋರ್ಟಿಗೆ ಕಾಯಬೇಡಿ, ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.