ದಡಾರ: ಮಲಗಿದವರನ್ನಷ್ಟೇ ಎಣಿಸಿದರೆ ಸಾಲದು

ನಿಮ್ಮ ಪತ್ರದ ಸಾರ ಇಷ್ಟು: ಮಗಳ ಶಾಲೆಯಲ್ಲಿ ದಡಾರ ಹಬ್ಬಿದೆ. ಕಾಯಿಲೆ ಬಿದ್ದ ಮಕ್ಕಳಲ್ಲಿ ಅರ್ಧದ ಹತ್ತಿರ ಲಸಿಕೆ ಹಾಕಿಸಿಕೊಂಡವರೇ. ಹಾಗಾದರೆ ಹಾಕಿಸಿ ಬಂದ ಲಾಭವೇನು? ನೀವು ಹೇಳಿದ್ದು ಸುಳ್ಳಲ್ಲ. ಆದರೆ ಎಣಿಸಿದ್ದು ಮಲಗಿದವರನ್ನು ಮಾತ್ರ.

500 ಮಕ್ಕಳ ಶಾಲೆ ಎಂದುಕೊಳ್ಳಿ. 480 ಮಕ್ಕಳಿಗೆ ಎರಡೂ ಡೋಸ್ ಆಗಿದೆ, 20 ಮಕ್ಕಳಿಗೆ ಒಂದೂ ಆಗಿಲ್ಲ. ರಕ್ಷಣೆಯಿಲ್ಲದವರು ರೋಗಿಯ ಹತ್ತಿರ ಸುಳಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ದಡಾರ ಬರುತ್ತದೆ. ಅಲ್ಲಿಗೆ 20ರಲ್ಲಿ 18. ಎರಡು ಡೋಸ್ ನೂರಕ್ಕೆ ಸುಮಾರು 97 ಮಂದಿಯನ್ನು ಕಾಯುತ್ತದೆ. ಉಳಿದ ಮೂರು ಪಾಲು ಎಂದರೆ 480ರಲ್ಲಿ 14 ಮಕ್ಕಳು. ಅವರಲ್ಲಿ 13 ಮಂದಿ ಮಲಗುತ್ತಾರೆ. ಒಟ್ಟು 31 ರೋಗಿಗಳು, 13 ಮಂದಿ ಲಸಿಕೆಯಾದವರು. ನೀವು ಕಂಡದ್ದೂ ಇದನ್ನೇ. ಆದರೆ 20ಕ್ಕೆ 18 ಎಲ್ಲಿ, 480ಕ್ಕೆ 13 ಎಲ್ಲಿ! ಯಾರಿಗೂ ಲಸಿಕೆ ಆಗಿರದಿದ್ದರೆ 450 ಹಾಸಿಗೆ ಬೇಕಾಗುತ್ತಿತ್ತು.

ಆ ಮೂರು ಪಾಲು ತಪ್ಪುವುದೇಕೆ? ತಾಯಿಯಿಂದ ಬಂದ ಪ್ರತಿಕಾಯಗಳು (ರೋಗಾಣುವನ್ನು ತಡೆಯುವ ರಕ್ತದ ಕಣಗಳು) ಎಳೆಗೂಸಿನ ಮೈಯಲ್ಲಿ ಇನ್ನೂ ಉಳಿದಿದ್ದರೆ, ಲಸಿಕೆಯ ಜೀವಂತ ವೈರಸ್ಸನ್ನು ಅವು ಬೆಳೆಯುವ ಮೊದಲೇ ಹೊಸಕಿಹಾಕುತ್ತವೆ. ಆದ್ದರಿಂದಲೇ 9 ತಿಂಗಳಿಗೆ ಕೊಟ್ಟ ಒಂದು ಡೋಸ್ ನೂರಕ್ಕೆ 85ರಷ್ಟು, ವರ್ಷ ತುಂಬಿದ ಮೇಲೆ ಕೊಟ್ಟದ್ದು 93ರಷ್ಟು ಫಲ ಕೊಡುತ್ತದೆ. ಎರಡನೆಯದನ್ನು ಜನ ಬೂಸ್ಟರ್ ಎನ್ನುತ್ತಾರೆ. ನಿಜಕ್ಕೂ ಅದು ಮೊದಲ ಸಲ ಹತ್ತದವರಿಗೆ ಇನ್ನೊಂದು ಅವಕಾಶ. ಲಸಿಕೆಯೇ ಕೆಡುವುದೂ ಉಂಟು: ಪುಡಿಗೆ ದ್ರಾವಣ ಬೆರೆಸಿದ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ, ಬೆಳಕು ತಾಗದಂತೆ ಇಟ್ಟು, 6 ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಚೆಲ್ಲಲೇಬೇಕು.

ಇನ್ನು ‘ಲಸಿಕೆ ಆಗಿದೆ’ ಎಂಬ ಮಾತು. ಮನೆಯವರು ನೆನಪಿನಿಂದ ಹೇಳಿದ್ದನ್ನು ನೆಚ್ಚಬೇಡಿ, ಕಾರ್ಡ್‌ನಲ್ಲಿ ತಾರೀಖು ನೋಡಿ. ಪೋಲಿಯೊ ಹನಿಯನ್ನೇ ‘ಎಲ್ಲಾ ಹಾಕಿಸಿದ್ದೇವೆ’ ಎಂದು ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ದಡಾರ ಹಬ್ಬಿದ ಮೇಲೆ ಓಡಿಹೋಗಿ ಹಾಕಿಸಿ, ನಾಲ್ಕೇ ದಿನದಲ್ಲಿ ಗುಳ್ಳೆ ಎದ್ದರೆ ಅದು ಲಸಿಕೆಯ ಸೋಲಲ್ಲ. ಸೋಂಕು ಮೊದಲೇ ಒಳಹೊಕ್ಕಿತ್ತು, ಏಕೆಂದರೆ ತಗುಲಿದ ಮೇಲೆ ಗುಳ್ಳೆ ಕಾಣಲು ಸುಮಾರು 14 ದಿನ ಬೇಕು. ಲಸಿಕೆಯಾದ ಒಂದು ವಾರದಿಂದ ಹನ್ನೆರಡು ದಿನದೊಳಗೆ ಕೆಲವರಿಗೆ ಅದರಿಂದಲೇ ತೆಳು ಗುಳ್ಳೆ ಬರುವುದೂ ಇದೆ. ಅನುಮಾನವಿದ್ದರೆ ರಕ್ತ ಪರೀಕ್ಷೆಯೇ ದಾರಿ.

ಈಗ ಶಾಲೆ ಮಾಡಬೇಕಾದ್ದು. ಗುಳ್ಳೆ ಏಳುವ 4 ದಿನ ಮೊದಲೇ ಮಗು ರೋಗ ಹರಡುತ್ತಿರುತ್ತದೆ. ಅದು ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಸ್ 2 ಗಂಟೆಯವರೆಗೂ ಇರಬಲ್ಲದು. ಆದ್ದರಿಂದ ಪಕ್ಕದ ಬೆಂಚಿನವರನ್ನಷ್ಟೇ ನೋಡಿದರೆ ಸಾಲದು, ಇಡೀ ತರಗತಿಯ ಕಾರ್ಡ್‌ಗಳನ್ನು ಅದೇ ದಿನ ತರಿಸಿ. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಪ್ಪುವ ಸಾಧ್ಯತೆ ಇದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೂ ಬಸುರಿ ಶಿಕ್ಷಕಿಯರಿಗೂ ಈ ಲಸಿಕೆ ಕೂಡದು. ಅವರು ತಡಮಾಡದೆ ವೈದ್ಯರನ್ನು ಕಾಣಲಿ, 6 ದಿನದೊಳಗಾದರೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಮದ್ದು, ಕೊಡಲು ಬರುತ್ತದೆ. ರೋಗ ಬಂದ ಮಗು ಗುಳ್ಳೆ ಎದ್ದ ನಂತರ 4 ದಿನ ಮನೆಯಲ್ಲಿರಬೇಕು. ವರ್ಷ ದಾಟಿದ ರೋಗಿಗೆ ವೈದ್ಯರು 2 ಲಕ್ಷ ಯೂನಿಟ್ ವಿಟಮಿನ್ ಎ ಅನ್ನು ಎರಡು ದಿನ, ದಿನಕ್ಕೊಮ್ಮೆ ಕೊಡುತ್ತಾರೆ. ಅದನ್ನು ಮನೆಯಲ್ಲೇ ಅಂದಾಜಿನ ಮೇಲೆ ಕುಡಿಸಬೇಡಿ, ಹೆಚ್ಚಾದರೆ ವಿಷ.

ಮಗಳ ಕಾರ್ಡ್‌ನಲ್ಲಿ ಒಂದೇ ತಾರೀಖು ಇದ್ದರೆ, ಅದಕ್ಕೂ ಇವತ್ತಿಗೂ 4 ವಾರ ಕಳೆದಿದ್ದರೆ, ಎರಡನೆಯದನ್ನು ನಾಳೆಯೇ ಹಾಕಿಸಬಹುದು.