ಕಾಲೇಜು ಅರ್ಜಿಯ ಪ್ರಬಂಧ: ಕೇಳಿ ಬರೆಸಿ, ಬರೆದುಕೊಡಬೇಡಿ

ಪ್ರಶ್ನೆ: ಮಗಳು ಎರಡನೇ ಪಿಯುಸಿ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲು ತನ್ನ ಬಗ್ಗೆ ಪ್ರಬಂಧ ಬರೆಯಬೇಕಂತೆ. ನಮ್ಮದು ಆಲೆಮನೆ. ‘ನನ್ನ ಹತ್ರ ಬರೆಯೋಕೆ ಏನಿದೆ’ ಅಂತ ಕೂತಿದ್ದಾಳೆ. ದುಡ್ಡು ಕೊಟ್ಟರೆ ಬರೆದುಕೊಡುವವರಿದ್ದಾರೆ. ಬರೆಸಬಹುದೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಬೇಡಮ್ಮ. ಇದು ನನ್ನದೇ ಬರಹ ಎಂದು ಅರ್ಜಿಯಲ್ಲಿ ಅವಳೇ ದೃಢೀಕರಿಸಬೇಕು. ಕೃತಕ ಬುದ್ಧಿಮತ್ತೆ ಬರೆದದ್ದನ್ನು ತನ್ನದೆಂದು ಕೊಟ್ಟರೂ ಕಾಮನ್ ಆಪ್ (ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಅದನ್ನು ವಂಚನೆಯೆಂದೇ ಎಣಿಸುತ್ತದೆ. ಅದೂ ಅಲ್ಲದೆ, ಬರೆದುಕೊಡುವವರಿಗೆ ನಿಮ್ಮ ಆಲೆಮನೆ ಗೊತ್ತಿಲ್ಲ. ‘ರೈತನ ಮಗಳ ಕನಸು’ ಎಂಬ ಹಳೇ ಅಚ್ಚಿಗೆ ಹುಯ್ದು ಕೊಡುತ್ತಾರೆ.

ಕಾಮನ್ ಆಪ್ ಪ್ರಬಂಧ 250ರಿಂದ 650 ಪದ. ಏಳು ವಿಷಯಗಳಲ್ಲಿ ಒಂದನ್ನು ಆರಿಸಬೇಕು, ಏಳನೆಯದರಲ್ಲಿ ಯಾವ ವಿಷಯವಾದರೂ ಸರಿ. ಹಾಗಾಗಿ ಹೇಳುವ ಸಂಗತಿ ಮೊದಲು ಸಿಗಲಿ, ವಿಷಯದ ಆಯ್ಕೆ ಆಮೇಲೆ.

ಆ ಸಂಗತಿ ಮಾತಿನಲ್ಲಿ ಸಿಗುತ್ತದೆ, ಕನ್ನಡದಲ್ಲೇ. ಅರ್ಧ ಗಂಟೆ ಎದುರು ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ‘ನಿನ್ನ ಗುರಿ ಏನು’ ಎಂದು ಕೇಳಿದರೆ ಭಾಷಣ ಬರುತ್ತದೆ. ಪಾಕ ಹದಕ್ಕೆ ಬಂತೆಂದು ನಿನಗೆ ಹೇಗೆ ಗೊತ್ತಾಗುತ್ತೆ? ಸುಣ್ಣ ಹೆಚ್ಚಾದರೆ ಏನು ಮಾಡ್ತೀಯ? ಲೆಕ್ಕದ ಪುಸ್ತಕದ ವಿಚಾರಕ್ಕೆ ಅಪ್ಪನ ಜೊತೆ ಯಾಕೆ ವಾದ ಮಾಡಿದೆ? ಇಂಥವನ್ನು ಕೇಳಿ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ಎಂದು ನೋಡುವವಳು ಪಿಯುಸಿ ರಸಾಯನಶಾಸ್ತ್ರದಲ್ಲಿ ಕುದಿಬಿಂದುವಿನ ಏರಿಕೆ ಓದುವಾಗ ಎರಡನ್ನೂ ಜೋಡಿಸಿಕೊಂಡಳೇ? ಸಕ್ಕರೆಯ ಸಾಂದ್ರತೆ ಏರಿದಂತೆ ಕೊಪ್ಪರಿಗೆಯ ಉಷ್ಣತೆ ಏರುವುದನ್ನು ಥರ್ಮಾಮೀಟರ್ ಇಟ್ಟು ನೋಡಿದ್ದರಂತೂ ಪ್ರಬಂಧ ಅಲ್ಲೇ ಇದೆ. ನೋಡಿಲ್ಲದಿದ್ದರೆ ನೋಡಿದೆನೆಂದು ಬರೆಯಬಾರದು.

ಆಲೆಮನೆಯ ವಿವರಣೆ ನೂರು ಪದ ಮೀರದಿರಲಿ. ಓದುವವರಿಗೆ ಗಾಣ ಗೊತ್ತಿರುವುದಿಲ್ಲ, ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ: ತಾತನ ಕಷ್ಟ, ಅಪ್ಪನ ಸಾಲ ಬರೆದು ಮುಗಿಸುವಷ್ಟರಲ್ಲಿ ಪದಗಳು ಖಾಲಿಯಾಗಿ, ಅರ್ಜಿ ಹಾಕಿದ ಹುಡುಗಿಯೇ ಕಾಣೆಯಾಗಿರುತ್ತಾಳೆ. ಅವಳು ಏನು ಗಮನಿಸಿದಳು, ಏನು ಮಾಡಿದಳು, ಆಮೇಲೆ ಯಾವ ಅಭಿಪ್ರಾಯ ಬದಲಾಯಿತು ಎಂಬುದಕ್ಕೆ ಮಿಕ್ಕ ಜಾಗವೆಲ್ಲ ಬೇಕು. ಬಹುಮಾನಗಳನ್ನು ಇಲ್ಲಿ ತುರುಕುವುದು ಬೇಡ. ಅವಕ್ಕೆ, ಚಟುವಟಿಕೆಗಳಿಗೆ ಅರ್ಜಿಯಲ್ಲಿ ಬೇರೆ ಜಾಗವಿದೆ.

ಹಲವು ಕಾಲೇಜುಗಳಲ್ಲಿ ಬೇಗ ಅರ್ಜಿ ಹಾಕುವವರ ಮೊದಲ ಸುತ್ತಿಗೆ ನವೆಂಬರ್ 1 ಕೊನೆಯ ದಿನ. ಆಗಸ್ಟ್‌ನಲ್ಲಿ ಶುರು ಮಾಡಿ. ಮೊದಲ ಕರಡು 900 ಪದವಾದರೂ ಆಗಲಿ. ಒಂದು ವಾರ ಬಿಟ್ಟು ಕತ್ತರಿಸಲಿ. ಬಹಳ ಸಲ ಮೊದಲ ಪ್ಯಾರಾ ಪೂರ್ತಿ ತೆಗೆದರೂ ನಷ್ಟವಾಗುವುದಿಲ್ಲ.

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ವಿದ್ಯಾರ್ಥಿಗಳು ಪ್ರಬಂಧ ತಿದ್ದಿಕೊಡಿ ಎನ್ನುತ್ತಾರೆ. ಎಷ್ಟು ತಿದ್ದಬಹುದು?
– ಮೈಸೂರು

ಉತ್ತರ: ತಪ್ಪಿರುವ ಸಾಲಿನ ಕೆಳಗೆ ಗೆರೆ ಎಳೆಯಿರಿ, ಸರಿಪಡಿಸುವುದು ಅವರ ಕೆಲಸ. ಅಂಚಿನಲ್ಲಿ ಪ್ರಶ್ನೆ ಬರೆಯಿರಿ: ‘ಯಾವಾಗ?’, ‘ಆಗ ನೀನೇನು ಹೇಳಿದೆ?’, ‘ಇದು ನಿನ್ನ ಮಾತೇ?’ ಆಮೇಲೆ ಅವರಿಂದಲೇ ಗಟ್ಟಿಯಾಗಿ ಓದಿಸಿ. ನಾಲಿಗೆ ತಡವರಿಸಿದ ಕಡೆ ನಿಘಂಟಿನಿಂದ ಎತ್ತಿ ತಂದ ಪದ ಇರುತ್ತದೆ. ದೊಡ್ಡವರ ಉಕ್ತಿಯಿಂದ ಆರಂಭವಾಗಿದ್ದರೆ ತೆಗೆಸಿ. ನಿಮ್ಮ ಚಂದದ ವಾಕ್ಯವನ್ನು ದಯವಿಟ್ಟು ಸೇರಿಸಬೇಡಿ. ಹದಿನೇಳರ ಹುಡುಗನ ಬರಹದ ನಡುವೆ ಅದು ಎದ್ದು ಕಾಣುತ್ತದೆ. ಓದಿ ಸಲಹೆ ಕೊಡಲು ಇಬ್ಬರು ಸಾಕು, ಐದು ಜನ ತಿದ್ದಿದರೆ ದನಿ ಸಾಯುತ್ತದೆ. ಶಿಫಾರಸು ಪತ್ರವನ್ನೂ ನೀವೇ ಬರೆಯುವುದಾದರೆ, ಪ್ರಬಂಧದಲ್ಲಿರುವ ಪ್ರಸಂಗ ಬಿಟ್ಟು ತರಗತಿಯಲ್ಲಿ ಕಂಡದ್ದನ್ನು ಬರೆಯಿರಿ.

ಪ್ರಶ್ನೆ: ಇದೇ ಪ್ರಬಂಧವನ್ನು ಬ್ರಿಟನ್ನಿಗೂ ಕಳಿಸಬಹುದೇ?
– ಒಬ್ಬ ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ಆಗುವುದಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಗುವುದು ಯುಕಾಸ್ ಎಂಬ ಸಂಸ್ಥೆಯ ಮೂಲಕ. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆ ಕೇಳುತ್ತದೆ: ಈ ವಿಷಯವೇ ಏಕೆ, ಓದು ನಿನ್ನನ್ನು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀಯ. ಮೂರಕ್ಕೂ ಸೇರಿ ಖಾಲಿ ಜಾಗವೂ ಒಳಗೊಂಡು 4000 ಅಕ್ಷರ, ಒಂದೊಂದಕ್ಕೂ ಕನಿಷ್ಠ 350. ಅಲ್ಲಿಯವರಿಗೆ ವಿಷಯದ ಮೇಲಿನ ಹಿಡಿತವೇ ಮುಖ್ಯ. ಮನೆಯ ಸಂಗತಿ ಓದಲಿರುವ ವಿಷಯಕ್ಕೆ ತಾಕಿದರೆ ಮಾತ್ರ ಮೂರನೇ ಉತ್ತರದಲ್ಲಿ ಬರೆಯಿರಿ.