ಡಿಪ್ರೆಶನ್‌ನಿಂದ ಮೆದುಳು ಕುಗ್ಗಿದೆಯಾ ಅಂತ ನೋಡಲು ಎಂಆರ್‌ಐ ಮಾಡಿಸಬೇಕಾ?

ನಿಮಗೆ 20 ವರ್ಷ, ಡಾಕ್ಟರ್ ಡಿಪ್ರೆಶನ್ ಅಂದಿದ್ದಾರೆ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಮೆದುಳು ಸಣ್ಣದಾಗುತ್ತದೆ ಅಂತ ಎಲ್ಲೋ ಓದಿ ಹೆದರಿ, ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಲಾ ಅಂತ ಕೇಳಿದ್ದೀರಿ. ಡಾಕ್ಟರ್ ಹೇಳದೆ ಮಾಡಿಸಬೇಡಿ. ನಾನು ಡಾಕ್ಟರ್ ಅಲ್ಲ. ಬದಿಯಡ್ಕ ಕಡೆಯವನು, ಕಾಸರಗೋಡಿನಲ್ಲಿ ಡಿಗ್ರಿ ಓದುವಾಗ ನನಗೂ ಇದೇ ಆಗಿತ್ತು.

ಅಪ್ಪ ಅಡಿಕೆ ಕೊಟ್ಟು ಬಾ ಅಂತ ಕಳಿಸಿದರೆ, ಅಂಗಡಿಯವರು ಹೇಳಿದ ತೂಕ, ರೇಟು ಎರಡೂ ಕಿವಿಗೆ ಬೀಳುತ್ತಿತ್ತು, ಚೀಟಿ ಜೇಬಿಗೆ ಹಾಕಿ ಬಸ್ಸು ಹತ್ತುವಷ್ಟರಲ್ಲಿ ಒಂದೂ ಇಲ್ಲ. ಮನೆಯಲ್ಲಿ ಚೀಟಿ ನೋಡಿಯೇ ಹೇಳುತ್ತಿದ್ದೆ. ನಿದ್ದೆ ಇಲ್ಲ, ತಲೆಯಲ್ಲಿ ಇಡೀ ದಿನ ಅದೇ ಬೇಡದ ಯೋಚನೆ. ಗಮನವೆಲ್ಲ ಅಲ್ಲೇ ಖರ್ಚಾದರೆ ಹೊಸ ವಿಷಯ ಒಳಗೆ ಇಳಿಯುವುದು ಹೇಗೆ ಹೇಳಿ?

ಮೆದುಳಿನ ಮಾತು ಸುಳ್ಳಲ್ಲ. ಹೊಸ ನೆನಪು ಕೂಡಿಡುವ ಭಾಗ ಹಿಪ್ಪೊಕ್ಯಾಂಪಸ್. ಒತ್ತಡದಲ್ಲಿ ಏರುವ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ತುಂಬಾ ಕಾಲ ಜಾಸ್ತಿ ಇದ್ದರೆ ಅದಕ್ಕೆ ಒಳ್ಳೆಯದಲ್ಲ. ಹಲವು ದೇಶಗಳ ಸಂಶೋಧಕರು ಸೇರಿ ಮಾಡಿದ, 2015ರಲ್ಲಿ ಬಂದ ಎನಿಗ್ಮಾ ಅಧ್ಯಯನದಲ್ಲಿ ಡಿಪ್ರೆಶನ್ ಇದ್ದ 1,728 ಜನರ ಸ್ಕ್ಯಾನನ್ನು ಇಲ್ಲದ 7,199 ಜನರದ್ದರ ಜೊತೆ ಇಟ್ಟು ನೋಡಿದರು. ಡಿಪ್ರೆಶನ್ ಇದ್ದವರಲ್ಲಿ ಹಿಪ್ಪೊಕ್ಯಾಂಪಸ್ ಸಣ್ಣದಿತ್ತು, ಆದರೆ ವ್ಯತ್ಯಾಸ ಸರಾಸರಿಯಲ್ಲಿ ನೂರಕ್ಕೆ ಒಂದು ಚಿಲ್ಲರೆ ಅಷ್ಟೇ. ಅದೂ ಮತ್ತೆ ಮತ್ತೆ ಕಾಯಿಲೆ ಬಂದವರಲ್ಲಿ, 21ರೊಳಗೆ ಶುರುವಾದವರಲ್ಲಿ. ಮೊದಲ ಸಲ ಬಂದವರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಅದರ ಗಾತ್ರ ಇದಕ್ಕಿಂತ ಎಷ್ಟೋ ಜಾಸ್ತಿ ಬದಲಾಗುತ್ತದೆ, ಹಾಗಾಗಿ ನಿಮ್ಮೊಬ್ಬರ ಸ್ಕ್ಯಾನ್ ನೋಡಿ ಡಿಪ್ರೆಶನ್‌ನಿಂದ ಕುಗ್ಗಿದೆಯಾ ಅಂತ ಯಾರೂ ಹೇಳಲಾರರು. ನಿಮ್ಮ ವಯಸ್ಸಿಗೆ ಇದರಲ್ಲಿ ಇರುವ ಮಾತು ಒಂದೇ, ಚಿಕಿತ್ಸೆ ಮುಂದೂಡಬೇಡಿ. ಫಿಟ್ಸ್ ಬಂದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಒಂದು ಕೈಕಾಲಿಗೆ ಬಲ ಕಡಿಮೆಯಾಗಿದ್ದರೆ ಬೇರೆ ವಿಷಯ, ಆಗ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಸ್ಕ್ಯಾನ್‌ಗಿಂತ ಮೊದಲು ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಬರೀ ಸಸ್ಯಾಹಾರ ತಿನ್ನುವ ಮನೆಯವರಾದರೆ ಬಿ12 ಬಗ್ಗೆ ಖಂಡಿತ ಕೇಳಿ, ಅದು ಕಡಿಮೆಯಾದರೂ ಮರೆವು, ಸುಸ್ತು, ಬೇಸರ ಎಲ್ಲ ಬರಬಹುದು. ಮಾತ್ರೆ ಶುರು ಮಾಡಿದ್ದರೆ ಸುಮ್ನೆ ನಿಲ್ಲಿಸಬೇಡಿ. ನನಗೆ ಮೊದಲು ನಿದ್ದೆ ಸರಿಯಾಯಿತು, ಆಮೇಲೆ ಮನಸ್ಸು, ನೆನಪು ಎಲ್ಲಕ್ಕಿಂತ ಕೊನೆಗೆ. ಮನಸ್ಸು ಸರಿಯಾದರೂ ನೆನಪು ಬಂದಿಲ್ಲವಲ್ಲ ಅಂತ ಗಾಬರಿಯಾಗಬೇಡಿ.

ಕೇರಳದ ಗಡಿಯಲ್ಲಿರುವ ನಮಗೆ ಇನ್ನೊಂದು ಕಷ್ಟ ಇದೆ. ಕನ್ನಡ ಮೀಡಿಯಂನಲ್ಲಿ ಕಲಿತವರಿಗೆ ಆಸ್ಪತ್ರೆಯ ಒಪಿಯಲ್ಲಿ ಹೊಟ್ಟೆನೋವನ್ನು ಮಲಯಾಳದಲ್ಲಿ ಹೇಗೋ ಹೇಳಲು ಬರುತ್ತದೆ, ಒಳಗಿನ ಸಂಕಟ ಹೇಳಲು ಬರುವುದಿಲ್ಲ. ನಾನಂತೂ 'ಕುೞಪ್ಪಮಿಲ್ಲ' (ಏನೂ ತೊಂದರೆ ಇಲ್ಲ) ಅಂತ ಹೇಳಿ ಎದ್ದು ಬರುತ್ತಿದ್ದೆ. ಹೇಳಬೇಕಾದ್ದನ್ನು ಕನ್ನಡದಲ್ಲೇ ಬರೆದುಕೊಂಡು, ಎರಡೂ ಭಾಷೆ ಬರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನದ 24 ಗಂಟೆಯೂ ಉಚಿತ, ಕನ್ನಡ ಆರಿಸಿಕೊಳ್ಳಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಮನೆಯಲ್ಲಿ ಒಬ್ಬರಿಗೆ ಇವತ್ತೇ ಹೇಳಿ, ಈ ನಂಬರಿಗೂ ಇವತ್ತೇ ಫೋನ್ ಮಾಡಿ.